ಕೆಂಪು ಉಡುಪಿನ ಹುಡುಗಿಯರು ಮತ್ತು ನಮ್ಮ ಮನೆಯ ಹೆಂಗಸರ ಹೃದಯ



ಕಳೆದ ಫೆಬ್ರವರಿಯಲ್ಲಿ ಒಂದು ಸಂಜೆ ನನ್ನ ಅಕ್ಕನ ಮಗ ಅಂಗಡಿಗೆ ಬಂದು ಮೊಬೈಲನ್ನು ನನ್ನ ಮುಂದೆ ಹಿಡಿದ. ಅಮೆರಿಕದ ಟೆಕ್ಸಾಸಿನಲ್ಲಿ ಓದುತ್ತಿರುವ ಅವನ ಮಗಳು ಕಳಿಸಿದ ಫೋಟೊ. ಇಪ್ಪತ್ತು ಇಪ್ಪತ್ತೈದು ಹುಡುಗಿಯರು ಸಾಲಾಗಿ ನಿಂತಿದ್ದಾರೆ, ಎಲ್ಲರದೂ ಕೆಂಪು ಉಡುಪು. ನಡುವೆ ನಮ್ಮ ಹುಡುಗಿ.

"ಮಾಮಾ, ಇಕಿ ಅದೇನೋ ಸೊರೊರಿಟಿ ಅಂತ ಸೇರ್ಯಾಳಂತ. ಸಿನಿಮಾದಾಗ ತೋರಸ್ತಾರಲ್ಲ, ಕುಡಿಯೂದು ಕುಣಿಯೂದು, ಅದ ಹೌದಲ್ಲ? ನೀವ ಒಂದ್ ಮಾತ್ ಹೇಳ್ರಿ ಆಕಿಗೆ" ಎಂದ.

ನಾನು ಓದಿದ್ದು ಪಿಯುಸಿ. ನಲವತ್ತು ವರ್ಷ ಕಾಳುಕಡಿ ವ್ಯಾಪಾರ ಮಾಡಿದವನು. ಸಮಾಜದ ಆರೋಗ್ಯ ಶಿಬಿರಗಳಲ್ಲಿ ಹೆಸರು ಬರೆದುಕೊಳ್ಳುವುದು, ಕುರ್ಚಿ ಹಾಕಿಸುವುದು, ಡಾಕ್ಟರರನ್ನು ಕರೆತರುವುದು ನನ್ನ ಕೆಲಸ. ಸೊರೊರಿಟಿ ಎಂದರೆ ಏನೆಂದು ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಬುದ್ಧಿ ಹೇಳುವುದು ಬೇಡ ಎಂದುಕೊಂಡು ಆ ಹುಡುಗಿಗೇ ಫೋನ್ ಮಾಡಿದೆ. ಆಮೇಲೆ ಎರಡು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದೆ. ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸಿರುವ, ಕಳಿಸಲಿರುವ ನಮ್ಮ ಕುಟುಂಬಗಳಿಗೆ ಇದರಲ್ಲಿ ತಿಳಿಯಬೇಕಾದ್ದಿದೆ. ಯಾರನ್ನೂ ಎಲ್ಲಿಗೂ ಕಳಿಸದ ಕುಟುಂಬಗಳಿಗೆ ಅದಕ್ಕಿಂತ ಹೆಚ್ಚು ಇದೆ.

ಮೊದಲು ಈ ಸೊರೊರಿಟಿಯ ವಿಷಯ.

ಅಮೆರಿಕದ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಕಟ್ಟಿಕೊಂಡ ಸಂಘಗಳಿಗೆ ಈ ಹೆಸರು. ಲ್ಯಾಟಿನ್ ಭಾಷೆಯಲ್ಲಿ 'ಸೊರೊರ್' ಎಂದರೆ ಸಹೋದರಿ. (ನಮ್ಮ 'ಸೋದರಿ'ಗೂ ಅದಕ್ಕೂ ನಂಟಿಲ್ಲ, ಆದರೂ ಕಿವಿಗೆ ಎಷ್ಟು ಹತ್ತಿರ ನೋಡಿ.) ನಮ್ಮ ಹುಡುಗಿ ಸೇರಿದ ಸಂಘದ ಹೆಸರು ಆಲ್ಫಾ ಫೈ. 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಹತ್ತು ಮಂದಿ ವಿದ್ಯಾರ್ಥಿನಿಯರು ಅದನ್ನು ಆರಂಭಿಸಿದರು. ಆ ವಿಶ್ವವಿದ್ಯಾಲಯ ತೆರೆದೇ ಆಗ ಎರಡು ವರ್ಷವಾಗಿತ್ತು. ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲ. ತರಗತಿಯಲ್ಲಿ ಗಂಡುಹುಡುಗರ ನಡುವೆ ನಾಲ್ಕೈದು ಜನ ಹುಡುಗಿಯರಿದ್ದರೆ ಒಬ್ಬರಿಗೊಬ್ಬರು ಆಸರೆಯಾಗಬೇಕಲ್ಲ, ಅದಕ್ಕಾಗಿ ಹುಟ್ಟಿದ ಸಂಘ. 1886ರಲ್ಲಿ ಅವರು ಅಲ್ಲಿಯೇ ತಮ್ಮದೊಂದು ಮನೆಯನ್ನೂ ಕಟ್ಟಿಸಿಕೊಂಡರು. ಓದಲು ಬಂದ ಮಕ್ಕಳಿಗೆ ಇರಲು ಜಾಗವಿಲ್ಲದ್ದನ್ನು ಕಂಡು ನಮ್ಮ ಹಿರಿಯರು ಊರೂರಲ್ಲಿ ಜೈನ ಬೋರ್ಡಿಂಗ್ ಕಟ್ಟಿಸಿದ್ದು ನೆನಪಾಗುತ್ತದೆ, ಅಲ್ಲವೇ?

ಇಂಥ ಸಂಘದ ಒಂದೊಂದು ಕಾಲೇಜಿನ ಶಾಖೆಗೆ 'ಚಾಪ್ಟರ್' ಎನ್ನುತ್ತಾರೆ. ಚಾಪ್ಟರಿಗೆ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ, ಎಲ್ಲರೂ ವಿದ್ಯಾರ್ಥಿನಿಯರೇ. ವಾರಕ್ಕೊಂದು ಸಭೆ. ಪ್ರತಿ ಸೆಮಿಸ್ಟರಿಗೆ ವಂತಿಗೆ ಕೊಡಬೇಕು, ಅದು ಚಿಕ್ಕ ಮೊತ್ತವಲ್ಲ. ಅಂಕ ಇಂತಿಷ್ಟಕ್ಕಿಂತ ಕೆಳಗಿಳಿಯಬಾರದೆಂಬ ನಿಯಮ. ಹೊಸದಾಗಿ ಸೇರಿದವಳಿಗೆ ಒಬ್ಬ ಹಿರಿಯ ವಿದ್ಯಾರ್ಥಿನಿಯನ್ನು 'ದೊಡ್ಡಕ್ಕ'ನಾಗಿ ಜೋಡಿಸುತ್ತಾರೆ. ಪರೀಕ್ಷೆಯ ಭಯ, ಮನೆಯ ನೆನಪು, ಜ್ವರ ಬಂದಾಗ ಗಂಜಿ, ಎಲ್ಲದಕ್ಕೂ ಅವಳೇ. ಜೊತೆಗೆ ಪ್ರತಿ ಸಂಘವೂ ಒಂದು ಸೇವಾಕಾರ್ಯವನ್ನು ತನ್ನದೆಂದು ಹಿಡಿದಿರುತ್ತದೆ. ವರ್ಷವಿಡೀ ಅದಕ್ಕಾಗಿ ಹಣ ಕೂಡಿಸುವುದು, ಸಮಯ ಕೊಡುವುದು ಕಡ್ಡಾಯ.

ಇಷ್ಟು ಹೇಳಿ ಬಿಟ್ಟರೆ ಹೊಗಳಿಕೆಯಾಗುತ್ತದೆ. ಇನ್ನೊಂದು ಮುಖವೂ ಇದೆ. ಈ ಸಂಘಗಳಿಗೆ ಬೇಕೆಂದವರೆಲ್ಲ ಸೇರಲಾಗದು, ಅವರೇ ಆರಿಸಿಕೊಳ್ಳುತ್ತಾರೆ. ಆರಿಸುವಾಗ ರೂಪ, ಹಣ, ಬಣ್ಣ ನೋಡುತ್ತಾರೆಂಬ ಆರೋಪ ಹಳೆಯದು. ಅಲಬಾಮಾ ವಿಶ್ವವಿದ್ಯಾಲಯದ ಸೊರೊರಿಟಿಗಳು ಕಪ್ಪು ಹುಡುಗಿಯರನ್ನು ಬಣ್ಣದ ಕಾರಣಕ್ಕೇ ಹೊರಗಿಡುತ್ತಿವೆ ಎಂದು 2013ರಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆಯೇ ಬಯಲು ಮಾಡಿತು. ಆ ಗದ್ದಲದ ಬಳಿಕವೇ ಬಾಗಿಲು ತೆರೆದದ್ದು. ಹೊಸಬರನ್ನು ಗೋಳುಹೊಯ್ದುಕೊಳ್ಳುವ ಚಾಳಿಯೂ ಕೆಲವೆಡೆ ಇದೆ. ಕುಡಿತದ ವಿಷಯ ಕೇಳಿದ್ದಕ್ಕೆ ನಮ್ಮ ಹುಡುಗಿ, "ಅಜ್ಜಾ, ನಮ್ಮ ಮನ್ಯಾಗ ಅದಕ್ಕ ಪರವಾನಿಗೀನ ಇಲ್ಲ. ಆದ್ರ ಹೊರಗ ಹೋಗಿ ಕುಡಿಯೂರು ಕುಡೀತಾರ. ನಾ ಹೋಗಂಗಿಲ್ಲ" ಎಂದಳು. ನಂಬಿದೆ. ನಂಬದಿದ್ದರೆ ಸಾವಿರಾರು ಮೈಲಿ ಆಚೆ ಕಳಿಸಿದ್ದೇ ತಪ್ಪಾಗುತ್ತದೆ.

ಭಾರತೀಯ ಮೂಲದ ಹೆಣ್ಣುಮಕ್ಕಳು ತಮ್ಮದೇ ಸೊರೊರಿಟಿಗಳನ್ನೂ ಕಟ್ಟಿಕೊಂಡಿದ್ದಾರೆ. ಹ್ಯೂಸ್ಟನ್ನಿನಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್ನಿನಲ್ಲಿ ಕಪ್ಪಾ ಫೈ ಗಾಮಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ, ಮೂರೂ 1998ರಲ್ಲೇ ಹುಟ್ಟಿದವು. ಅಲ್ಲಿ ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಗಳು ಈ ಹೆಸರುಗಳನ್ನು ತಿಳಿದಿರಲಿ. ಮಗಳು ಸೇರುತ್ತೇನೆಂದರೆ ಹೌಹಾರುವುದೂ ಬೇಡ, ಕಣ್ಣುಮುಚ್ಚಿ ಒಪ್ಪುವುದೂ ಬೇಡ. ವಂತಿಗೆ ಎಷ್ಟು, ಸೇವಾಕಾರ್ಯ ಯಾವುದು, ಮನೆಯಲ್ಲಿ ಸಸ್ಯಾಹಾರದ ವ್ಯವಸ್ಥೆ ಹೇಗೆ ಎಂದು ಕೇಳಿ. ಮಗಳು ಉತ್ತರ ಹೇಳುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ.

ಇನ್ನು ಕೆಂಪು ಉಡುಪು. ಆಲ್ಫಾ ಫೈ ಸಂಘ ತನ್ನ ಸೇವೆಗೆಂದು ಹೃದ್ರೋಗವನ್ನು ಆರಿಸಿಕೊಂಡದ್ದು 1946ರಲ್ಲಿ. ಆಗ ಅದಕ್ಕೆ 'ಕಾರ್ಡಿಯಾಕ್ ಏಡ್' ಎಂದು ಹೆಸರು. ಮಹಿಳೆಯರ ಹೃದಯಾರೋಗ್ಯ ಎಂದು ಗುರಿ ಖಚಿತವಾದದ್ದು ಆಮೇಲೆ. ಅಂದಿನಿಂದ ಇಂದಿನವರೆಗೆ ಆ ಒಂದೇ ಕೆಲಸವನ್ನು ಬಿಟ್ಟಿಲ್ಲ. ಚಾಪ್ಟರುಗಳು ಸಂತೋಷಕೂಟ, ಓಟ, ಹರಾಜು ನಡೆಸಿ ಹಣ ಕೂಡಿಸುತ್ತವೆ, ಸಂಘದ ಪ್ರತಿಷ್ಠಾನ ಅದರಿಂದ ಸಂಶೋಧನೆಗೆ ಅನುದಾನ ಕೊಡುತ್ತದೆ. ಕೆಂಪು ಉಡುಪಿನ ಗುರುತು ಮಾತ್ರ ಅವರೊಬ್ಬರದಲ್ಲ. 2002ರಲ್ಲಿ ಅಮೆರಿಕದ ರಾಷ್ಟ್ರೀಯ ಹೃದಯ ಸಂಸ್ಥೆ ಅದನ್ನು ಮಹಿಳೆಯರ ಹೃದ್ರೋಗ ಜಾಗೃತಿಯ ಗುರುತಾಗಿ ತಂದಿತು. ಫೆಬ್ರವರಿಯ ಮೊದಲ ಶುಕ್ರವಾರ ಕೆಂಪು ಉಡುವ ದಿನವಾಯಿತು. 2004ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 'ಗೋ ರೆಡ್ ಫಾರ್ ವಿಮೆನ್' ಎಂಬ ಆಂದೋಲನ ಹೂಡಿತು.

ಹೆಂಗಸರ ಹೃದಯಕ್ಕೆ ಪ್ರತ್ಯೇಕ ಆಂದೋಲನ ಯಾಕೆ ಬೇಕಿತ್ತು? ಇಲ್ಲಿಗೆ ಬಂದಾಗ ನನಗೆ ಓದುವುದು ಕಷ್ಟವಾಯಿತು. ಕಾರಣ ಮುಂದೆ ಹೇಳುತ್ತೇನೆ.

1964ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಅದೇ ಹಾರ್ಟ್ ಅಸೋಸಿಯೇಷನ್ ಹೆಂಗಸರಿಗಾಗಿ ಹೃದ್ರೋಗದ ಬಗ್ಗೆ ಮೊದಲ ಸಮ್ಮೇಳನ ನಡೆಸಿತು. ಅದರ ಹೆಸರು 'ಹಾರ್ಟ್ಸ್ ಆ್ಯಂಡ್ ಹಸ್ಬೆಂಡ್ಸ್'. ಅಂದರೆ ಹೃದಯ ಮತ್ತು ಗಂಡಂದಿರು! ಗಂಡನ ಹೃದಯವನ್ನು ಹೆಂಡತಿ ಹೇಗೆ ಕಾಪಾಡಬೇಕು ಎಂಬುದೇ ಅಲ್ಲಿನ ವಿಷಯ. ಬಂದ ಹೆಂಗಸರ ಹೃದಯದ ಮಾತು ಅಲ್ಲಿ ಮುಖ್ಯವಾಗಿರಲಿಲ್ಲ. ಸಂಶೋಧನೆಯೂ ಹಾಗೇ ಇತ್ತು. 1980ರ ದಶಕದಲ್ಲಿ ಆಸ್ಪಿರಿನ್ ಗುಳಿಗೆ ಹೃದಯಾಘಾತ ತಡೆಯುತ್ತದೆಯೇ ಎಂದು 22,071 ವೈದ್ಯರ ಮೇಲೆ ಪರೀಕ್ಷೆ ಮಾಡಿದರು. ಎಲ್ಲರೂ ಗಂಡಸರು. ತಡೆಯುತ್ತದೆ ಎಂದು ಫಲಿತಾಂಶ ಬಂತು. ಆಮೇಲೆ 39,876 ಹೆಂಗಸರ ಮೇಲೆ ಪ್ರತ್ಯೇಕ ಪರೀಕ್ಷೆ ನಡೆಸಿ 2005ರಲ್ಲಿ ಪ್ರಕಟಿಸಿದಾಗ ಲೆಕ್ಕ ಬೇರೆಯಾಯಿತು. ಹೆಂಗಸರಲ್ಲಿ ಒಟ್ಟಾರೆ ಹೃದಯಾಘಾತ ಕಡಿಮೆಯಾಗಲಿಲ್ಲ, ಪಾರ್ಶ್ವವಾಯು ಕಡಿಮೆಯಾಯಿತು. ಗಂಡಸಿನ ಅಳತೆಯ ಅಂಗಿ ಹೆಂಗಸಿಗೆ ಹೊಂದುತ್ತದೆಂದು ಯಾವ ದರ್ಜಿಯೂ ಹೇಳಲಾರ. ವೈದ್ಯಶಾಸ್ತ್ರ ಮಾತ್ರ ಬಹಳ ಕಾಲ ಹಾಗೆಂದೇ ನಂಬಿತ್ತು. ಹೃದ್ರೋಗ ತಜ್ಞೆ ಬರ್ನಡೀನ್ ಹೀಲಿ 1991ರಲ್ಲಿ ಇದನ್ನು ಬಹಿರಂಗವಾಗಿ ಬರೆದರು. ಹೆಂಗಸೊಬ್ಬಳು ತನ್ನ ಹೃದ್ರೋಗ ಗಂಡಸಿನದರಂತೆಯೇ ಇದೆ ಎಂದು ತೋರಿಸಿಕೊಟ್ಟ ಮೇಲಷ್ಟೇ ಅವಳಿಗೆ ಗಂಡಸಿಗೆ ಸಿಗುವ ಚಿಕಿತ್ಸೆ ಸಿಗುತ್ತದೆ ಎಂಬುದು ಅವರ ಮಾತಿನ ಸಾರ. 1993ರಲ್ಲಿ ಸರ್ಕಾರಿ ಹಣದ ವೈದ್ಯಕೀಯ ಸಂಶೋಧನೆಗಳಲ್ಲಿ ಹೆಂಗಸರನ್ನು ಸೇರಿಸಲೇಬೇಕೆಂದು ಅಮೆರಿಕದಲ್ಲಿ ಕಾನೂನು ಬಂತು.

ಈಗ ಕಾರಣ ಹೇಳುತ್ತೇನೆ. ಫೋಟೊದಲ್ಲಿರುವ ಆ ಹುಡುಗಿಯ ಅಜ್ಜಿ, ನನ್ನ ಅಕ್ಕ, ಒಂಬತ್ತು ವರ್ಷದ ಹಿಂದೆ ತೀರಿಕೊಂಡಳು. ಅರವತ್ತೆರಡು ವಯಸ್ಸು. ಅದಕ್ಕೆ ಮೂರು ವರ್ಷ ಮೊದಲು ಭಾವನವರಿಗೆ ಎದೆನೋವು ಬಂದಿತ್ತು. ಅಕ್ಕ ಒಂದು ಗಳಿಗೆ ತಡಮಾಡಲಿಲ್ಲ. ಪಕ್ಕದ ಮನೆಯವರ ಕಾರು ಹೊರಡಿಸಿ ಅರ್ಧ ಗಂಟೆಯಲ್ಲಿ ಆಸ್ಪತ್ರೆ ಮುಟ್ಟಿಸಿದಳು. ಭಾವನವರು ಇಂದಿಗೂ ದಿನಾ ಬಸದಿಗೆ ನಡೆದು ಹೋಗಿ ಬರುತ್ತಾರೆ. ಅವಳಿಗೇ ಬಂದಾಗ ಏನಾಯಿತು? ಮನೆಯಲ್ಲಿ ಮೈದುನನ ಮಗನ ಮದುವೆ. ಒಂದು ವಾರದಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಬೆನ್ನಿನ ನಡುವೆ ಹಿಡಿದಂತೆ ನೋವು, ದವಡೆ ಜಗಿತ, ಬಾಯಿಗೆ ನೀರು ಬಂದಂತಾಗುವುದು. "ಪಿತ್ತ ಆಗೇದ" ಎಂದು ಜೀರಿಗೆ ಕಷಾಯ ಕುಡಿದಳು. ಬೆನ್ನುನೋವಿಗೆ ಮೊಮ್ಮಗಳ ಕೈಯಲ್ಲಿ ಮುಲಾಮು ಹಚ್ಚಿಸಿಕೊಂಡಳು. ಕೊನೆಗೆ ಸೊಸೆಯ ಒತ್ತಾಯಕ್ಕೆ ಒಬ್ಬ ಡಾಕ್ಟರರಲ್ಲಿ ತೋರಿಸಿದರೆ ಅವರೂ ಅಸಿಡಿಟಿ ಎಂದು ಗುಳಿಗೆ ಬರೆದು ಕಳಿಸಿದರು, ಇಸಿಜಿ ತೆಗೆಸಲಿಲ್ಲ. ಮೂರನೇ ದಿನ ಬೆಳಗಿನ ಜಾವ ಎಲ್ಲ ಮುಗಿದಿತ್ತು. ಆ ಡಾಕ್ಟರರ ಮೇಲೆ ಸಿಟ್ಟು ಬಹಳ ದಿನ ಇತ್ತು. ಈಗ ನೋಡಿದರೆ ನಮ್ಮ ಮನೆಯಲ್ಲಿ ಎಂಟು ಜನ ದೊಡ್ಡವರಿದ್ದೆವು, ನಮಗೂ ಅದು ಪಿತ್ತವೇ ಆಗಿತ್ತು.

ಹೆಂಗಸರಲ್ಲೂ ಹೃದಯಾಘಾತದ ಮೊದಲ ಲಕ್ಷಣ ಸಾಮಾನ್ಯವಾಗಿ ಎದೆಯ ನೋವು ಅಥವಾ ಭಾರವೇ. ಆದರೆ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಉಸಿರು ಸಾಲದಿರುವುದು, ಬೆನ್ನು, ಕುತ್ತಿಗೆ, ದವಡೆಯ ನೋವು, ವಾಂತಿ ಬಂದಂತಾಗುವುದು, ಬೆವರು, ಕಾರಣವಿಲ್ಲದ ವಿಪರೀತ ಸುಸ್ತು ಗಂಡಸರಿಗಿಂತ ಅವರಲ್ಲಿ ಹೆಚ್ಚು. ಸಿನಿಮಾದಲ್ಲಿ ಗಂಡಸು ಎದೆ ಹಿಡಿದುಕೊಂಡು ಕುಸಿಯುವುದನ್ನು ನೋಡಿ ನೋಡಿ ಹೃದಯಾಘಾತ ಎಂದರೆ ಅದೇ ಎಂದು ತಿಳಿದುಬಿಟ್ಟಿದ್ದೇವೆ. ದೊಡ್ಡ ರಕ್ತನಾಳಗಳಲ್ಲಿ ಬ್ಲಾಕ್ ಕಾಣದೆ, ಹೃದಯದ ಸಣ್ಣ ನಾಳಗಳ ತೊಂದರೆಯಿಂದಲೇ ನೋವು ಬರುವುದೂ ಹೆಂಗಸರಲ್ಲಿ ಹೆಚ್ಚು. ಆಂಜಿಯೋಗ್ರಾಂ ಸರಿಯಿದೆ ಎಂದ ಮಾತ್ರಕ್ಕೆ "ಆಕಿಗೆ ಏನೂ ಇಲ್ಲ, ಸುಮ್ಮನೆ ಹೇಳ್ತಾಳ" ಎನ್ನುವ ಮನೆಗಳು ಇದನ್ನು ಗಮನಿಸಬೇಕು.

ಜಗತ್ತಿನಲ್ಲಿ ಸಾಯುವ ನೂರು ಹೆಂಗಸರಲ್ಲಿ ಸುಮಾರು 35 ಜನ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದಲೇ ಸಾಯುತ್ತಾರೆ ಎಂದು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2021ರಲ್ಲಿ ವರದಿ ಕೊಟ್ಟಿದೆ. ಪಾರ್ಶ್ವವಾಯುವೂ ಇದರಲ್ಲಿ ಸೇರಿದೆ. ಹೆಂಗಸರ ಸಾವಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ಮತ್ತೆ ಆ ಕೆಂಪು ಉಡುಪಿಗೆ ಬರೋಣ. ನನಗೆ ಬಹಳ ಯೋಚನೆಗೆ ಹಚ್ಚಿದ ಅಂಕಿ ಇದು. "ಹೆಂಗಸರ ಸಾವಿಗೆ ಮೊದಲ ಕಾರಣ ಯಾವುದು?" ಎಂದು ಅಮೆರಿಕದ ಹೆಂಗಸರನ್ನೇ ಹಾರ್ಟ್ ಅಸೋಸಿಯೇಷನ್ ಆಗಾಗ ಕೇಳುತ್ತ ಬಂದಿದೆ. 1997ರಲ್ಲಿ ಹೃದ್ರೋಗ ಎಂದು ಸರಿಯಾಗಿ ಹೇಳಿದವರು ನೂರಕ್ಕೆ 30. ಆಂದೋಲನ ಆರಂಭವಾಗಿ 2009ರ ಹೊತ್ತಿಗೆ ಅದು 65ಕ್ಕೆ ಏರಿತು. ಭೇಷ್ ಎನ್ನಬೇಕು. ಆದರೆ 2019ರಲ್ಲಿ ಮತ್ತೆ ಕೇಳಿದಾಗ 44ಕ್ಕೆ ಇಳಿದಿತ್ತು. ಈ ಹತ್ತು ವರ್ಷ ಕೆಂಪು ಉಡುಪಿನ ದಿನ ನಿಂತಿರಲಿಲ್ಲ, ಕೂಟಗಳು ನಿಂತಿರಲಿಲ್ಲ, ಹಣ ಬರುತ್ತಲೇ ಇತ್ತು. ಆದರೂ ತಿಳಿವಳಿಕೆ ಇಳಿಯಿತು. ಹೆಚ್ಚು ಇಳಿದದ್ದು ಯಾರಲ್ಲಿ? ಕಪ್ಪು ಹೆಂಗಸರಲ್ಲಿ, ಹಿಸ್ಪಾನಿಕ್ ಹೆಂಗಸರಲ್ಲಿ, ಮತ್ತು ವಯಸ್ಸಿನಲ್ಲಿ ಚಿಕ್ಕವರಲ್ಲಿ. ಕಾಲೇಜು ಮುಗಿಸಿ ಹೊರಬಂದ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಎಂದಾಯಿತು!

ವ್ಯಾಪಾರಿಯಾಗಿ ನನಗೆ ಅನ್ನಿಸುವುದು ಇಷ್ಟು. ಜಾತ್ರೆಯಲ್ಲಿ ಅಂಗಡಿ ಹಾಕಿದರೆ ಗಿರಾಕಿ ಬರುತ್ತಾನೆ, ಜಾತ್ರೆ ಮುಗಿದ ಮೇಲೆ ಮರೆಯುತ್ತಾನೆ. ಮನೆಬಾಗಿಲಿಗೆ ತಿಂಗಳಾ ಹೋದರೆ ಮಾತ್ರ ಖಾತೆ ಉಳಿಯುತ್ತದೆ. ಕೂಟದಿಂದ ಹಣ ಬರುತ್ತದೆ, ಸಂಶೋಧನೆಗೆ ಆ ಹಣ ಬೇಕು, ಅದನ್ನು ನಾನು ಹಗುರಾಗಿ ನೋಡುವುದಿಲ್ಲ. ಆದರೆ ಒಬ್ಬ ಹೆಂಗಸು ತನ್ನ ಬೆನ್ನುನೋವನ್ನು ಬಾಯಿಬಿಟ್ಟು ಹೇಳುವುದಕ್ಕೆ ಬಣ್ಣ ಸಾಲದು, ಎದುರಿಗೆ ಕೂತು ಕೇಳುವವರು ಬೇಕು. ಸೊರೊರಿಟಿಯಲ್ಲಿ ಅಂಥದ್ದೊಂದು ವ್ಯವಸ್ಥೆ ಇದ್ದೇ ಇದೆ, ಆ ದೊಡ್ಡಕ್ಕ. ವೇದಿಕೆಗಿಂತ ಅವಳ ಮೂಲಕ ಮಾತು ಹೆಚ್ಚು ದೂರ ಹೋಗುತ್ತದೆ.

ಇದಕ್ಕೆ ಸೊರೊರಿಟಿಗಳ ಚರಿತ್ರೆಯಲ್ಲೇ ಉದಾಹರಣೆ ಇದೆ. ಆಲ್ಫಾ ಕಪ್ಪಾ ಆಲ್ಫಾ ಎಂಬುದು ಕಪ್ಪು ಹೆಣ್ಣುಮಕ್ಕಳ ಸೊರೊರಿಟಿ, 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಹಿಂದಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಇದೇ ಸಂಘದವರು. ಈ ಸಂಘಗಳಲ್ಲಿ ಕಾಲೇಜು ಬಿಟ್ಟ ಮೇಲೂ ಸದಸ್ಯತ್ವ ಮುಗಿಯುವುದಿಲ್ಲ. ಊರೂರಲ್ಲಿ ಪದವೀಧರರ ಚಾಪ್ಟರ್ ಇರುತ್ತದೆ, ಶಿಕ್ಷಕಿಯರು, ನರ್ಸುಗಳು, ಡಾಕ್ಟರರು ಮುದುಕಿಯರಾಗುವವರೆಗೂ ಬರುತ್ತಾರೆ. 1935ರಲ್ಲಿ ಇವರು ಮಿಸಿಸಿಪ್ಪಿ ರಾಜ್ಯದ ಹತ್ತಿ ತೋಟಗಳ ಕಪ್ಪು ಕೂಲಿಕಾರರಿಗಾಗಿ ಆರೋಗ್ಯ ಯೋಜನೆ ಕೈಗೊಂಡರು. ಡಾ. ಡೊರೊಥಿ ಬೋಲ್ಡಿಂಗ್ ಫೆರಿಬಿ ಅದರ ಮುಂದಾಳು. ತೋಟದ ಮಾಲೀಕರು ಕೂಲಿಗಳನ್ನು ಚಿಕಿತ್ಸೆಗೆ ಹೊರಗೆ ಬಿಡಲು ಒಪ್ಪಲಿಲ್ಲ. ಹಾಗಾದರೆ ನಾವೇ ಬರುತ್ತೇವೆ ಎಂದು ಆ ಹೆಂಗಸರು ತಮ್ಮ ಕಾರುಗಳಲ್ಲೇ ಔಷಧಿ ತುಂಬಿಕೊಂಡು ತೋಟಗಳೊಳಗೆ ಹೋದರು. ಮಕ್ಕಳಿಗೆ ಸಿಡುಬು, ಗಂಟಲಮಾರಿಯ ಲಸಿಕೆ ಹಾಕಿದರು. ಬಣ್ಣಭೇದದ ಆ ದಿನಗಳಲ್ಲಿ ಕಪ್ಪು ಹೆಂಗಸರು ಅಷ್ಟು ದೂರ ರಸ್ತೆಯಲ್ಲಿ ಹೋಗುವುದೆಂದರೆ ಸಣ್ಣ ಧೈರ್ಯವಲ್ಲ. ಒಂದು ಬೇಸಿಗೆಯಲ್ಲ, 1942ರವರೆಗೆ ಹೋದರು. ಅದೇ ಸಂಘ ಇಂದು 'ಪಿಂಕ್ ಗೋಸ್ ರೆಡ್' ಎಂದು ಹೃದಯಾರೋಗ್ಯದ ಕೆಲಸವನ್ನೂ ಮಾಡುತ್ತಿದೆ. ಅವರ ಬಣ್ಣ ಗುಲಾಬಿ, ಅದು ಅಂದು ಕೆಂಪಾಗುತ್ತದೆ.

ನಮ್ಮ ಹುಡುಗಿಯ ಚಾಪ್ಟರಿನಲ್ಲಿ ಈ ಸಲ ಎದೆ ಒತ್ತಿ ಉಸಿರು ಮರಳಿಸುವ ಸಿಪಿಆರ್ ತರಬೇತಿಯನ್ನೂ ಇಟ್ಟುಕೊಂಡಿದ್ದರಂತೆ. ಇದರಲ್ಲೂ ಒಂದು ವಿಷಯವಿದೆ. ಅಮೆರಿಕದಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತು ಕುಸಿದ ಗಂಡಸರಲ್ಲಿ ನೂರಕ್ಕೆ 45 ಜನರಿಗೆ ಅಕ್ಕಪಕ್ಕದವರು ಸಿಪಿಆರ್ ಮಾಡಿದರೆ, ಹೆಂಗಸರಲ್ಲಿ 39 ಜನರಿಗಷ್ಟೇ ಮಾಡುತ್ತಾರೆಂದು 2017ರಲ್ಲಿ ಒಂದು ಅಧ್ಯಯನ ತೋರಿಸಿತು. ಪರಹೆಂಗಸಿನ ಎದೆಯ ಮೇಲೆ ಕೈಯಿಡಲು ಹಿಂಜರಿಕೆ ಇದಕ್ಕೆ ಒಂದು ಕಾರಣವೆನ್ನುತ್ತಾರೆ. ಅಮೆರಿಕದಲ್ಲೇ ಹೀಗಾದರೆ ನಮ್ಮ ಸಂತೆಪೇಟೆಯಲ್ಲಿ ಹೇಗಿರಬಹುದು, ನೀವೇ ಊಹಿಸಿ. ಸಿಪಿಆರ್ ಕಲಿತ ಹೆಂಗಸರು ಊರಿಗೆ ಹತ್ತು ಜನರಿದ್ದರೂ ಈ ಹಿಂಜರಿಕೆಯ ಪ್ರಶ್ನೆ ಅರ್ಧ ಬಗೆಹರಿಯುತ್ತದೆ.

ಈಗ ನಮ್ಮ ಮನೆಗೆ ಬರುತ್ತೇನೆ. 2025ರಲ್ಲಿ ಹಾಸನದಿಂದ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ರಾಜ್ಯವೇ ಗಾಬರಿಯಾಯಿತು, ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಆಗಿನ ಮಾತೆಲ್ಲ ಯುವಕರ ಬಗ್ಗೆ. ನಮ್ಮ ಓಣಿಯಿಂದಲೂ ಗಂಡಸರು ಹೋಗಿ ಇಸಿಜಿ, ಎಕೋ ಮಾಡಿಸಿಕೊಂಡು ಬಂದರು. ಹೆಂಡತಿಯನ್ನೂ ಕರೆದುಕೊಂಡು ಹೋದವರು ನನಗೆ ಗೊತ್ತಿದ್ದಂತೆ ಇಬ್ಬರು. ದೇಶದ ಲೆಕ್ಕ ನೋಡಿದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ನೂರಕ್ಕೆ 24 ಜನರಿಗೆ ರಕ್ತದೊತ್ತಡ ಹೆಚ್ಚು, ಹೆಂಗಸರಲ್ಲಿ 21. ಏನು ಮಹಾ ವ್ಯತ್ಯಾಸ?

"ನಾವು ಸಸ್ಯಾಹಾರಿಗಳು, ಕುಡಿತವಿಲ್ಲ, ಬೀಡಿಯಿಲ್ಲ, ನಮಗೇನಾಗುತ್ತದೆ?" ಎನ್ನುವವರು ಸಮಾಜದಲ್ಲಿ ಬಹಳ. ಕುಡಿತ, ತಂಬಾಕು ಇಲ್ಲದಿರುವುದು ದೊಡ್ಡ ಪುಣ್ಯ, ನಿಜ. ಆದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪು ಸಸ್ಯಾಹಾರವೇ. ಕರಿದದ್ದು, ತುಪ್ಪದ ಸಿಹಿ ಸಸ್ಯಾಹಾರವೇ. ಅಮೆರಿಕದ ಹೃದ್ರೋಗ ತಜ್ಞರು 2018ರಲ್ಲಿ ಕೊಲೆಸ್ಟರಾಲ್ ಬಗ್ಗೆ ಮಾರ್ಗಸೂಚಿ ಹೊರಡಿಸುವಾಗ ಅಪಾಯ ಹೆಚ್ಚಿಸುವ ಸಂಗತಿಗಳ ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ದಕ್ಷಿಣ ಏಷ್ಯಾ ಮೂಲದವರಾಗಿರುವುದೇ ಒಂದು. ಗರ್ಭಿಣಿಯಾಗಿದ್ದಾಗ ಬಿಪಿ ಏರಿ ನಂಜಾಗಿದ್ದು ಇನ್ನೊಂದು. ನಲವತ್ತರ ಒಳಗೇ ಮುಟ್ಟು ನಿಂತದ್ದು ಮತ್ತೊಂದು. ನಮ್ಮಲ್ಲಿ ಬಾಣಂತನ ಮುಗಿದರೆ ಆ ಬಿಪಿಯ ಚೀಟಿ ಎಲ್ಲಿ ಹೋಗುತ್ತದೆಯೋ ಯಾರಿಗೂ ತಿಳಿಯದು. ಇಪ್ಪತ್ತು ವರ್ಷದ ನಂತರ ಡಾಕ್ಟರರು ಕೇಳಿದರೆ ಹೇಳಬೇಕಾದ ಮಾತು ಅದು.

ವ್ರತದ ದಿನಗಳದ್ದೂ ಹೇಳಿಬಿಡುತ್ತೇನೆ, ಯಾರೂ ತಪ್ಪು ತಿಳಿಯಬಾರದು. ದಶಲಕ್ಷಣದಲ್ಲಿ ಉಪವಾಸ ಹಿಡಿದ ತಾಯಂದಿರು ಬಿಪಿ ಗುಳಿಗೆಯನ್ನೂ ಬಿಟ್ಟುಬಿಡುವುದನ್ನು ನಮ್ಮ ಶಿಬಿರಗಳಲ್ಲಿ ಪ್ರತಿ ವರ್ಷ ನೋಡುತ್ತೇನೆ. ಕೆಲವರಿಗೆ ರಾತ್ರಿಯ ಗುಳಿಗೆ ಬರೆದಿರುತ್ತಾರೆ. ಸೂರ್ಯಾಸ್ತದ ನಂತರ ಏನನ್ನೂ ಸೇವಿಸದವರು ಅದನ್ನು ವರ್ಷವಿಡೀ ನುಂಗುವುದೇ ಇಲ್ಲ, ಡಾಕ್ಟರರಿಗೂ ಹೇಳುವುದಿಲ್ಲ. ಹೇಳಿದರೆ ಹೊತ್ತು ಬದಲಿಸಿ ಕೊಡಬಹುದೇ ಎಂದು ಅವರು ನೋಡುತ್ತಾರೆ. ವ್ರತಕ್ಕೆ ಹದಿನೈದು ದಿನ ಮೊದಲೇ ಗುಳಿಗೆ ಚೀಟಿ ಹಿಡಿದುಕೊಂಡು ಹೋಗಿ ಕೇಳಿ. ತಾವಾಗಿಯೇ ಬಿಡುವುದು ಬೇಡ.

ನಮ್ಮ ಮಹಿಳಾ ಸಮಾಜಗಳಿಗೆ ಸೊರೊರಿಟಿಯ ಹೆಸರಿಲ್ಲ, ಆದರೆ ಗುಣವೆಲ್ಲ ಇದೆ. ವಾರದ ಸ್ವಾಧ್ಯಾಯ, ಭಜನೆ, ವಂತಿಗೆ, ಹಿರಿಯರು ಕಿರಿಯರು ಎಂಬ ಅಕ್ಕರೆ. ಇಲ್ಲದಿರುವುದು ಒಂದೇ ಕೆಲಸವನ್ನು ಹಿಡಿದು ಬಿಡದಿರುವ ಗುಣ. ಒಂದು ವರ್ಷ ಕಣ್ಣಿನ ಶಿಬಿರ, ಮರುವರ್ಷ ರಕ್ತದಾನ, ಅದರ ಮರುವರ್ಷ ಅಡುಗೆ ಸ್ಪರ್ಧೆ. ಶಿಬಿರ ಮಾಡಿಸಿದವರಲ್ಲಿ ನಾನೂ ಒಬ್ಬ, ಆದ್ದರಿಂದ ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಶಿಬಿರದಲ್ಲಿ ಬಿಪಿ ಹೆಚ್ಚಿದೆ ಎಂದು ಚೀಟಿ ಬರೆದುಕೊಟ್ಟವರು ಆಮೇಲೆ ಡಾಕ್ಟರರ ಬಳಿ ಹೋದರೇ ಎಂದು ನಾವು ಒಂದು ಸಲವೂ ಕೇಳಿಲ್ಲ.

ಈ ಸಲ ನಮ್ಮ ಓಣಿಯಲ್ಲಿ ಬೇರೆ ರೀತಿ ಮಾಡಿದೆವು. ಒಂದು ಬಿಪಿ ಯಂತ್ರ, ಒಂದು ಇನ್ನೂರು ಪುಟದ ಲೆಕ್ಕದ ಪುಸ್ತಕ. ಯಂತ್ರ ತೋಳಿಗೆ ಪಟ್ಟಿ ಕಟ್ಟುವಂಥದ್ದು, ಎರಡು ಸಾವಿರ ರೂಪಾಯಿ ಆಸುಪಾಸು. ತಿಂಗಳ ಮೊದಲ ಭಾನುವಾರ ಸ್ವಾಧ್ಯಾಯದ ನಂತರ ಎಲ್ಲ ಹೆಂಗಸರೂ ಐದು ನಿಮಿಷ ಸುಮ್ಮನೆ ಕೂತು ಬಿಪಿ ನೋಡಿಸಿಕೊಳ್ಳುತ್ತಾರೆ, ಬರೆದಿಡುತ್ತಾರೆ. ಪ್ರತಿ ಐದು ಮನೆಗೆ ಒಬ್ಬ ಅಕ್ಕ. ಬಿಪಿ ಏರಿದವರನ್ನು ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗುವುದು ಅವಳ ಜವಾಬ್ದಾರಿ, ಹೇಳಿ ಸುಮ್ಮನಾಗುವಂತಿಲ್ಲ. ಎದೆ, ಬೆನ್ನು, ದವಡೆಯ ನೋವು, ಉಸಿರಾಟದ ತೊಂದರೆ ಯಾರಿಗೇ ಬಂದರೂ ಕಷಾಯ ಕಾಯಿಸುತ್ತ ಕೂರದೆ 108ಕ್ಕೆ ಫೋನ್ ಮಾಡಬೇಕು, ಇಸಿಜಿ ತೆಗೆಯಿರಿ ಎಂದು ಬಾಯಿಬಿಟ್ಟು ಕೇಳಬೇಕು. ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಡುತ್ತಾರೆ. ಹತ್ತಿರದಲ್ಲಿ ಯಾವ ಆಸ್ಪತ್ರೆಗೆ ಈ ಸೌಲಭ್ಯ ಇದೆ ಎಂದು ಇಂದೇ ವಿಚಾರಿಸಿ ಅಡುಗೆಮನೆಯ ಗೋಡೆಗೆ ಬರೆದಂಟಿಸಿ.

ಮೊದಲ ಭಾನುವಾರ 31 ಜನ ಬಂದರು, ಒಂಬತ್ತು ಜನರ ಬಿಪಿ ಹೆಚ್ಚಿತ್ತು. ಒಂಬತ್ತರಲ್ಲಿ ಆರು ಜನರಿಗೆ ಅದು ಮೊದಲು ಗೊತ್ತೇ ಇರಲಿಲ್ಲ. ಆರರಲ್ಲಿ ಒಬ್ಬಳು ನನ್ನ ಅಕ್ಕನ ಸೊಸೆ, ಅಂದು ಅತ್ತೆಯನ್ನು ಒತ್ತಾಯಿಸಿ ಡಾಕ್ಟರರಲ್ಲಿಗೆ ಕರೆದೊಯ್ದವಳು. "ನನಗೇನಾಗೇದ್ರಿ ಮಾಮಾ, ನಿದ್ದಿ ಕಡಿಮಿ ಆಗಿರ್ತದ" ಎಂದಳು.

ಆ ರಾತ್ರಿ ಟೆಕ್ಸಾಸಿನಿಂದ ಫೋನ್ ಬಂತು. ಚಾಪ್ಟರಿನಲ್ಲಿ ಎಲ್ಲರೂ ತಮ್ಮ ಮನೆತನದ ಹೃದ್ರೋಗದ ವಿವರ ಬರೆಯಬೇಕಿತ್ತಂತೆ. ಅಜ್ಜಿಗೆ ಕೊನೆಯ ವಾರ ಏನೇನಾಗಿತ್ತು ಎಂದು ನನ್ನನ್ನು ಕೇಳಿದಳು. ಹೇಳಿದೆ. ಮುಲಾಮಿನ ಮಾತು ಬಂದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ, ಹಚ್ಚಿದವಳು ಅವಳೇ, ಆಗ ಹನ್ನೊಂದು ವರ್ಷ. ಆಮೇಲೆ ಅಪ್ಪನಿಗೆ ಕೊಡಿ ಎಂದಳು. ಸ್ಪೀಕರಿನಲ್ಲಿ ನಮಗೂ ಕೇಳಿಸುತ್ತಿತ್ತು. "ಅಪ್ಪಾ, ತಾಯಿ ಅಥವಾ ಅಕ್ಕತಂಗಿಗೆ ಅರವತ್ತೈದರೊಳಗ ಬಂದಿದ್ರ ಅದು ಮನೆತನದ ಲೆಕ್ಕಕ್ಕ ಬರ್ತದ. ಅಜ್ಜಿಗೆ ಅರವತ್ತೆರಡು. ಅಂದ್ರ ನಿನ್ನ ಲೆಕ್ಕಕ್ಕ ಬಂತು, ಅಜ್ಜನ ಲೆಕ್ಕಕ್ಕೂ ಬಂತು. ಅವ್ವನ್ನ ಕರ್ಕೊಂಡು ಹೋಗೂ ದಿನ ನೀವಿಬ್ಬರೂ ತೋರಿಸ್ಕೊಂಡು ಬರ್ರಿ."

ಗುರುವಾರ ಮೂವರೂ ಹೋಗುತ್ತಿದ್ದೇವೆ. ಆ ದಿನ ಅಂಗಡಿ ಮುಚ್ಚಿರುತ್ತದೆ.